ಸಫಾರಿ ಸೂಟಿನ ಸಾಹುಕಾರ

ಕಮರಿಪೇಟೆಯ ಟೇಲರ್ ಅಬ್ದುಲಗನಿಯ ಎದುರಿಗೆ ಯಾರಾದರೂ ಕೆಟ್ಟ ಹೊಲಿಗೆಯ ಅಂಗಿ ತೊಟ್ಟು ನಿಂತರೆ ಅಂದು ಅವನಿಗೆ ಅನ್ನ ಸೇರುತ್ತಿರಲಿಲ್ಲ. ಮದುವೆಗೆ ಹೋದರೂ ಮದುಮಗನ ಮುಖಕ್ಕಿಂತ ಮೊದಲು ಅವನ ಕೋಟಿನ ಕಾಲರು ನೋಡುವ ಮನುಷ್ಯ. ಒಮ್ಮೆ ಧಾರವಾಡದ ಬಸ್ಸಿನಲ್ಲಿ ಗುರುತು ಪರಿಚಯ ಇಲ್ಲದವನೊಬ್ಬನ ತೋಳು ಹಿಡಿದು, "ಇದನ್ನ ಬಿಚ್ಚಿ ಮತ್ತ ಹೊಲಿಸ್ರಿ, ನಿಮಗ ಕೈ ಮುಗೀತೇನಿ" ಅಂದುಬಿಟ್ಟಿದ್ದ. ಆತ ಕಿಸೆಗಳ್ಳ ಎಂದು ಕೂಗಿಕೊಂಡ. ನವಲೂರಿನಲ್ಲಿ ಅಬ್ದುಲಗನಿಯನ್ನು ಕೆಳಗಿಳಿಸಲಾಯಿತು.

ಇಂಥವನು ಬೆಂಗೇರಿಯಲ್ಲಿ ಒಂದು ಮನೆ ಕೊಂಡ. ಅದನ್ನು ಮನೆ ಅನ್ನಲಿಕ್ಕೆ ಸ್ವಲ್ಪ ಧೈರ್ಯ ಬೇಕಿತ್ತು. ವರ್ಷಗಟ್ಟಲೆ ಬೀಗ ಬಿದ್ದಿದ್ದ ಮಹಡಿ ಮನೆ. ಅಡುಗೆಮನೆಯಲ್ಲಿ ಪಾರಿವಾಳಗಳು, ಪಡಸಾಲೆಯಲ್ಲಿ ಹೆಗ್ಗಣಗಳು, ಬಚ್ಚಲಿನಲ್ಲಿ ಗೋಡೆ ಸೀಳಿಕೊಂಡು ಎದ್ದ ಅರಳಿ ಗಿಡ. ಇವರೆಲ್ಲ ಅಬ್ದುಲಗನಿಗಿಂತ ಮೊದಲೇ ಬಂದು ಸಂಸಾರ ಹೂಡಿದ್ದರು. ಮೊದಲ ಸಲ ಒಳಗೆ ಕಾಲಿಟ್ಟ ಹೆಂಡತಿ ನೂರಜಹಾನ ಸೆರಗಿನಿಂದ ಮೂಗು ಮುಚ್ಚಿಕೊಂಡು ಕೇಳಿದಳು: "ಇದನ್ನ ನೀವಾಗೇ ಕೊಂಡೀರೋ, ಯಾರರೆ ನಿಮ್ಮ ಕೊರಳಿಗೆ ಕಟ್ಟ್ಯಾರೋ?"

"ಒಂದ್ ತಿಂಗಳದಾಗ ನೋಡು, ಅರಮನಿ ಮಾಡ್ತೇನಿ."

"ಅರಮನಿ ಬ್ಯಾಡ್ರಿ. ನಳದಾಗ ನೀರ್ ಬರ್ಲಿ ಸಾಕು. ನೀರಿಲ್ಲದ ಮನಿಗೆ ನಾ ಸಾಮಾನ ತರಾಂಗಿಲ್ಲ, ಖರೇ ಹೇಳ್ತೇನಿ."

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಕಮರಿಪೇಟೆಯ ಬಾಡಿಗೆ ಮನೆಯವರು ಮಗನ ಮದುವೆ ಅಂತ ತಿಂಗಳ ಕೊನೆಗೆ ಖಾಲಿ ಮಾಡಿರೆಂದಿದ್ದರು. ಅಷ್ಟರೊಳಗೆ ಈ ಮನೆಗೆ ನೀರು ಬರದಿದ್ದರೆ ಹೊಲಿಗೆ ಮಷೀನು, ಪಾತ್ರೆ, ಹೆಂಡತಿ ಎಲ್ಲವನ್ನೂ ಎಲ್ಲಿಡುವುದು ಎಂಬುದು ಅಬ್ದುಲಗನಿಗೂ ಗೊತ್ತಿರಲಿಲ್ಲ.

ಪೇಟೆಯಲ್ಲಿ ಮಾತ್ರ ಅವನು "ಎಲ್ಲಾ ಕಾಂಟ್ರಾಕ್ಟ್ ಕೊಟ್ಟೇನಿ, ನಾ ಆ ಕಡೆ ಹೊಳ್ಳಿ ಸೈತ ನೋಡಾಂಗಿಲ್ಲ" ಎಂದು ಸಾರುತ್ತಿದ್ದ. ಕಾಂಟ್ರಾಕ್ಟಿನ ಸ್ವರೂಪ ಹೀಗಿತ್ತು: ಗಾರೆ, ಮೆಟ್ಟಿಲು, ಗೋಡೆ ಇವೆಲ್ಲ ಗೌಂಡಿ ಹನುಮಂತಪ್ಪನವು. ಕಸ ಹೊರುವುದು, ಪಾರಿವಾಳದ ಹಿಕ್ಕೆ ಕೆರೆಯುವುದು, ಹೆಗ್ಗಣಗಳ ಜೊತೆ ವ್ಯವಹಾರ ಮಾಡುವುದು ಅಬ್ದುಲಗನಿಯವು. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ, ಮಧ್ಯಾಹ್ನ ಅಂಗಡಿ ಮುಚ್ಚಿ, ಹರಿದ ಬನಿಯನ್ನು, ಮಾಸಿದ ಲುಂಗಿ, ತಲೆಗೆ ಟವೆಲು ಸುತ್ತಿಕೊಂಡು ಬರುತ್ತಿದ್ದ. ಆದರೂ ಅವನೊಂದು ಪಣ ತೊಟ್ಟಿದ್ದ. ಹೊಸ ಓಣಿಯವರು ತನ್ನನ್ನು ಮಾಲೀಕನೆಂದು ಮೊದಲ ಸಲ ನೋಡುವಾಗ ತಾನು ಸೂಟಿನಲ್ಲಿರಬೇಕು. ಅಲ್ಲಿಯವರೆಗೆ ಯಾರಾದರೂ ಕೇಳಿದರೆ ತಾನು ಕೆಲಸದವನು.

ಹನುಮಂತಪ್ಪ ಮೊದಲ ದಿನವೇ ಕರಾರು ಹಾಕಿದ. "ಸಾಹೇಬ್ರ, ದೃಷ್ಟಿಗೊಂಬಿ ಕೂಡಸ್ಲಾರದ ಮನ್ಯಾಗ ನಾ ಕರಣಿ ಹಿಡ್ಯಾಂಗಿಲ್ಲ. ಮಂದಿ ಕಣ್ಣ ಭಾಳ ಕೆಟ್ಟ. ಗೊಂಬಿ ಇತ್ತಂದ್ರ ಗೊಂಬಿಗೆ ಬಡೀತಾವು, ಗ್ವಾಡಿ ಉಳೀತೈತಿ."

"ಕೂಡಸು ಮಾರಾಯಾ, ಬ್ಯಾಡ ಅಂದಾವ್ರ್ಯಾರು?"

ಹನುಮಂತಪ್ಪ ಗೋಣಿಚೀಲಕ್ಕೆ ಹುಲ್ಲು ತುಂಬಿದ. ಮಣ್ಣಿನ ಗಡಿಗೆಯ ತಲೆ ಇಟ್ಟು ಡಾಂಬರಿನಲ್ಲಿ ಕಣ್ಣು, ಮೀಸೆ ಬರೆದ. ಎಲ್ಲಿಂದಲೋ ತಂದ ಒಂದು ಅಂಗಿ ತೊಡಿಸಿದ. ಅಬ್ದುಲಗನಿ ಅದನ್ನು ನೋಡಿ ಎದೆ ಹಿಡಿದುಕೊಂಡ. ಅಂಗಿಯ ಒಂದು ತೋಳು ಇನ್ನೊಂದಕ್ಕಿಂತ ಗಿಡ್ಡವಿತ್ತು.

"ಇದನ್ನ ನನ್ನ ಮನೀ ಮ್ಯಾಲ ಕೂಡಸ್ತೀ?"

"ಕೆಟ್ಟ ಕಾಣಬೇಕ್ರಿ ಸಾಹೇಬ್ರ. ಕೆಟ್ಟ ಕಂಡ್ರನ ಅದು ಕೆಲಸಾ ಮಾಡೂದು."

"ನಾಳೆ ಮಂದಿ ಏನಂದಾರು? ಟೇಲರ್ ಮನೀ ಗೊಂಬಿಗೆ ತೋಳ ಗಿಡ್ಡ ಅಂತ ಹುಬ್ಬಳ್ಳಿ ತುಂಬ ಆಡ್ಕೊಂಡಾರು. ನಾ ಸತ್ತ್ರೂ ಆ ಮಾತ ಸಾಯಾಂಗಿಲ್ಲ!"

ಅಬ್ದುಲಗನಿಯ ಅಂಗಡಿಯ ಕಪಾಟಿನಲ್ಲಿ ಒಂದು ಸಫಾರಿ ಸೂಟಿತ್ತು. ಯಾರೋ ಗಿರಾಕಿ ಬಟ್ಟೆ ಕೊಟ್ಟು, ಅಳತೆ ಕೊಟ್ಟು, ಮತ್ತೆ ಈ ಭೂಮಿಯ ಮೇಲೆ ಕಾಣಿಸಿಕೊಂಡಿರಲಿಲ್ಲ. ಬೂದು ಬಣ್ಣ, ನಾಲ್ಕು ಕಿಸೆ. ತನ್ನ ಕೈಯಿಂದ ಅಷ್ಟು ಚೆಂದದ ಹೊಲಿಗೆ ಇನ್ನೊಮ್ಮೆ ಬಿದ್ದಿಲ್ಲ ಎಂದು ಅವನೇ ಹೇಳುತ್ತಿದ್ದ. ಮರುದಿನ ಅದನ್ನು ಇಸ್ತ್ರಿ ಮಾಡಿ ತಂದ. ಹುಲ್ಲಿನ ಹೆಗಲು ಇಳಿಬಿದ್ದಿದೆಯೆಂದು ಹತ್ತಿಯ ಪ್ಯಾಡು ಇಟ್ಟ. ಹೊಟ್ಟೆಗೆ ಅಂಗಡಿಯ ಚಿಂದಿ ತುಂಬಿ ಗುಂಡಿಗಳು ಸರಿಯಾಗಿ ಕೂಡುವಂತೆ ಮಾಡಿದ. ಕೈಗೆ ಸ್ಕೂಟರಿನ ಗ್ಲೌಸು, ಕಾಲಿಗೆ ಕಸದಲ್ಲಿ ಸಿಕ್ಕ ಬೂಟು. ಡಾಂಬರಿನ ಕಣ್ಣುಗಳಿಗೆ ನೂರಜಹಾನ ಹೆದರುತ್ತಾಳೆಂದು ಕಪ್ಪು ಕನ್ನಡಕ, ಗಡಿಗೆ ಕಾಣದಿರಲೆಂದು ಮಫ್ಲರು ಮತ್ತು ಉಣ್ಣೆಯ ಟೊಪ್ಪಿಗೆ. ಹಳೆಯ ಬೆತ್ತದ ಕುರ್ಚಿಯೊಂದನ್ನು ಮಹಡಿಯ ಗ್ಯಾಲರಿಯಲ್ಲಿಟ್ಟು ಗೊಂಬೆಯನ್ನು ಕೂಡಿಸಿದ. ಪ್ಯಾಂಟಿನ ಗೆರೆ ಎದ್ದು ಕಾಣಲೆಂದು ಕಾಲ ಮೇಲೆ ಕಾಲು ಹಾಕಿಸಿದ. ಹನುಮಂತಪ್ಪ ಕೆಳಗಿನಿಂದ ನೋಡಿ ನಿಟ್ಟುಸಿರು ಬಿಟ್ಟ.

"ಸಾಹೇಬ್ರ, ಇದಕ್ಕ ಈಗ ಇನ್ನೊಂದ್ ದೃಷ್ಟಿಗೊಂಬಿ ಬೇಕಾಕ್ಕೈತಿ."

ಆಮೇಲೆ ಅವನು ಹಳೆಯ ಮೆಟ್ಟಿಲನ್ನು ಒಡೆದು ಹಾಕಿದ. ಹೊಸ ಮೆಟ್ಟಿಲು ಆಗುವ ತನಕ ಮೇಲೆ ಹತ್ತಲು ಹಿತ್ತಲಿನ ಬಿದಿರಿನ ಏಣಿಯೊಂದೇ ಗತಿ.

ಪಕ್ಕದ ಮನೆಯ ತಾರಾಬಾಯಿ ಆ ಓಣಿಗೆಲ್ಲ ಹಿರಿಯಳು. ಬೆಳಿಗ್ಗೆ ಅಂಗಳ ಗುಡಿಸುತ್ತ ಹೋಗಿ ಬರುವವರನ್ನೆಲ್ಲ ಮಾತಾಡಿಸುವುದು ಆಕೆಯ ರೂಢಿ. ಮಾತಾಡಿಸಿದವರು ತಿರುಗಿ ಮಾತಾಡಬೇಕು. ಇದು ಬೆಂಗೇರಿಯ ಆ ಓಣಿಯ ಕಾನೂನು. ಎತ್ತಿನ ಗಾಡಿಯವರಿಂದ ಹಿಡಿದು ಪಾಲಿಕೆಯ ಚುನಾವಣೆಗೆ ನಿಂತವರವರೆಗೆ ಯಾರೂ ಅದನ್ನು ಮುರಿದಿರಲಿಲ್ಲ. ಅಂದು ಬೆಳಿಗ್ಗೆ ತಾರಾಬಾಯಿ ಕತ್ತೆತ್ತಿ ನೋಡಿದಳು. ಗ್ಯಾಲರಿಯಲ್ಲಿ ಸಾಕ್ಷಾತ್ ಒಬ್ಬ ಸಾಹುಕಾರ.

"ನಮಸ್ಕಾರ್ರಿ! ಹೊಸಾ ಮಾಲಕ್ರೇನ್ರಿ? ಚಾ ಆತೇನ್ರಿ?"

ಸಾಹುಕಾರ ಉತ್ತರಿಸಲಿಲ್ಲ.

ಕಿವಿ ಮಂದ ಇರಬಹುದೆಂದು ಆಕೆ ಇನ್ನಷ್ಟು ಎತ್ತರದ ದನಿಯಲ್ಲಿ ಕೇಳಿದಳು. ಆ ದನಿಗೆ ಎದುರುಮನೆಯಿಂದ ನಿವೃತ್ತ ಬಸ್ ಕಂಡಕ್ಟರ್ ಫಕ್ಕೀರಪ್ಪ ಹೊರಬಂದು ತಾನೂ ಕೈ ಎತ್ತಿ ನಮಸ್ಕಾರ ಹೊಡೆದ. ಸಾಹುಕಾರ ಬೂಟುಗಾಲನ್ನು ಅವರ ಕಡೆಗೇ ಚಾಚಿಕೊಂಡು ಕುಳಿತಿದ್ದ.

ಅಷ್ಟರಲ್ಲಿ ತಲೆಯ ಮೇಲೆ ಕಸದ ಬುಟ್ಟಿ ಹೊತ್ತು ಅಬ್ದುಲಗನಿ ಹೊರಬಂದ.

"ಏ ತಮ್ಮಾ, ಇಲ್ಲಿ ಬಾ. ನಿಮ್ಮ ಸಾಹುಕಾರಗ ಬಾಯಿ ಇಲ್ಲೇನು?"

ಅಬ್ದುಲಗನಿ ಅವಳ ಬೆರಳಿನ ಗುರಿ ಹಿಡಿದು ಮೇಲೆ ನೋಡಿದ. ಅರ್ಥವಾಗಲು ಅವನಿಗೆ ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಅವನ ಕಣ್ಣು ತುಂಬಿ ಬಂದವು. ತನ್ನ ಹೊಲಿಗೆಯನ್ನು ನೋಡಿ ಬೆಂಗೇರಿಯ ಹೆಣ್ಣುಮಗಳೊಬ್ಬಳು ಹುಲ್ಲನ್ನು ಮನುಷ್ಯ ಅಂದುಕೊಂಡಿದ್ದಾಳೆ! ಇಷ್ಟು ವರ್ಷದ ವೃತ್ತಿಯಲ್ಲಿ ಇಂಥ ಸರ್ಟಿಫಿಕೇಟು ಅವನಿಗೆ ಯಾರೂ ಕೊಟ್ಟಿರಲಿಲ್ಲ. ಅದನ್ನು ತನ್ನ ಕೈಯಾರೆ ಹರಿದು ಹಾಕುವುದು ಹೇಗೆ? ಮೇಲಾಗಿ, ಅದು ಗೊಂಬೆ ಅಂದರೆ ಮಾಲೀಕ ಯಾರು ಎಂಬ ಪ್ರಶ್ನೆ ಬರುತ್ತದೆ. ಬನಿಯನ್ನಿನ ತೂತಿನಿಂದ ಹೊಟ್ಟೆ ಕಾಣುತ್ತಿರುವಾಗ ಅದಕ್ಕೆ ಉತ್ತರ ಕೊಡುವ ಮನಸ್ಸು ಅವನಿಗಿರಲಿಲ್ಲ.

"ಅವ್ರು ಯಾರ ಜೋಡಿನೂ ಮಾತಾಡಾಂಗಿಲ್ರಿ ಅಕ್ಕಾರ," ಎಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

"ಮೆಟ್ಟಲಾ ಒಡದೀರಲ್ಲ, ಕೆಳಗ ಹ್ಯಾಂಗ್ ಇಳೀತಾನ?"

"ಇಳ್ಯಾಂಗಿಲ್ರಿ."

"ಊಟಾ?"

"ಅದೂ ಮಾಡಾಂಗಿಲ್ರಿ."

"ಅಯ್ಯ ಇವನ, ಕೆಲಸದವ್ರನ ಕಾಯಾಕ ಊಟಾ ಬಿಟ್ಟು ಕುಂತಾನಂದ್ರ ಎಂಥಾ ಜಿಪುಣ ಇರಬೇಕು! ಬಾ ತಮ್ಮಾ, ನೀನರೆ ಚಾ ಕುಡಿ."

ಅಂದಿನಿಂದ ದಿನಾ ಚಹಾ ಸಿಗತೊಡಗಿತು. ಚಹಾದ ಜೊತೆಗೆ ತಾರಾಬಾಯಿಯ ಮನಸ್ಸಿನಲ್ಲಿದ್ದುದೆಲ್ಲ ಹೊರಬರತೊಡಗಿತು. ಸೊಸೆ ಯಾರಿಗೂ ಕಾಣದಂತೆ ಮೊಸರಿಗೆ ಸಕ್ಕರೆ ಹಾಕಿಕೊಳ್ಳುವುದು, ಫಕ್ಕೀರಪ್ಪನ ಹಲ್ಲಿನ ಸೆಟ್ಟು, ಅವನಿಗೂ ಅವನ ಬೀಗರಿಗೂ ಆದ ಜಗಳ. "ನೀ ಹೊರಗಿನಾಂವ, ಕೆಲಸಾ ಮುಗದ ಮ್ಯಾಲ ನಿನ್ನ ದಾರಿ ನಿನಗ. ನಿನ್ನ ಮುಂದ ಹೇಳಿದ್ರ ಓಣ್ಯಾಗ ಹಬ್ಬಾಂಗಿಲ್ಲ," ಎನ್ನುತ್ತಿದ್ದಳು. ಅಬ್ದುಲಗನಿ ಚಹಾ ನುಂಗುತ್ತ ಬೆವರುತ್ತಿದ್ದ. ಋಣಕ್ಕೆಂದು ಅವಳ ಗಟಾರ ಬಳಿದುಕೊಟ್ಟ, ಹಂಚಿನ ಮೇಲೆ ಬಾಗಿದ್ದ ಬೇವಿನ ಟೊಂಗೆ ಕಡಿದುಕೊಟ್ಟ.

ನೀರಿನ ಆಫೀಸಿನಿಂದ ಒಬ್ಬ ಇನ್‌ಸ್ಪೆಕ್ಟರ್ ಬಂದ. ಹಳೆಯ ಪೈಪೆಲ್ಲ ತುಕ್ಕು ಹಿಡಿದು ಸತ್ತಿದೆ, ಹೊಸದನ್ನು ಹಿಂದಿನ ಓಣಿಯಿಂದ ತರಬೇಕು, ಅದಕ್ಕೆ ತಾರಾಬಾಯಿಯ ಅಂಗಳವೇ ದಾರಿ ಎಂದು ಹೇಳಿದ. "ಅವ್ರು ಹೂಂ ಅಂದ್ರ ನಾಳೇನ ನೀರು. ಇಲ್ಲಾಂದ್ರ ನಾ ಏನೂ ಮಾಡಾಕ ಬರಾಂಗಿಲ್ಲ. ನಿಮ್ಮ ಸಾಹೇಬ್ರಿಗೆ ಹೇಳು." ಹೋಗುವಾಗ ಗ್ಯಾಲರಿಯತ್ತ ಒಮ್ಮೆ ನೋಡಿ, ತಾನಾಗಿಯೇ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಸೆಲ್ಯೂಟ್ ಹೊಡೆದು ಹೋದ.

ಅಬ್ದುಲಗನಿ ತಾರಾಬಾಯಿಯ ಬಾಗಿಲಿಗೆ ಹೋಗಿ ನಿಂತ.

"ಅಕ್ಕಾರ, ನಮ್ಮ ಸಾಹುಕಾರ್ರಿಗೆ ನಿಮ್ಮ ಅಂಗಳದಾಗಿಂದ ಒಂದ್ ಪೈಪ..."

"ಯಾರಿಗೆ? ಅವಗ? ಒಂದ್ ಹನಿ ನೀರ್ ಹೋಗಾಂಗಿಲ್ಲ ನನ್ನ ಅಂಗಳದಾಗ! ನನ್ನ ಮಗನ ವಯಸ್ಸಿನಾಂವ, ಕಾಲ ಮ್ಯಾಲ ಕಾಲ ಹಾಕ್ಕೊಂಡು ಬೂಟ ತೋರಸ್ತಾನ. ದಿನಾ ನಮಸ್ಕಾರ ಅಂತೇನಿ, ಹೂಂ ಅಲ್ಲ, ಹಾಂ ಅಲ್ಲ. ನಿನಗ ಬೇಕಂದ್ರ ಕೇಳು ತಮ್ಮಾ, ಜೀವಾ ಕೊಡ್ತೇನಿ. ಅವಗ ಮಾತ್ರ ನೀರ್ ಕೊಡಾಂಗಿಲ್ಲ."

ಅಬ್ದುಲಗನಿ ನೇರ ಹನುಮಂತಪ್ಪನ ಹತ್ತಿರ ಹೋದ. "ಗೊಂಬಿ ಇಳಸು."

"ಗ್ವಾಡಿ ಇನ್ನೂ ಹಸಿ ಅದಾವ್ರಿ. ಕೆಲಸದ ನಡಬರಕ ಗೊಂಬಿ ಇಳಿಸಿದ್ರ ಮನಿ ಯಜಮಾನಗ ಕೇಡು. ನೀವ ಇಳಸ್ತೀನಂದ್ರ ಇಳಸ್ರಿ, ನಾ ನನ್ನ ಕರಣಿ ತಗೊಂಡ್ ಹೊಂಟೆ."

ಹೋದರೆ ಬೇರೆ ಗೌಂಡಿ ಸಿಗುವಂತಿರಲಿಲ್ಲ. ಆದ್ದರಿಂದ ಅಬ್ದುಲಗನಿ ಏಣಿ ಹತ್ತಿ, ಅಡಗಿ ಕುಳಿತು, ಸಾಹುಕಾರನ ಮೇಲಿನ ಕಾಲನ್ನು ಮೆಲ್ಲಗೆ ಕೆಳಗಿಳಿಸಿ ಬಂದ. ಇನ್ನು ಬೂಟು ಯಾರಿಗೂ ಕಾಣುವುದಿಲ್ಲ, ಸಿಟ್ಟು ಇಳಿಯುತ್ತದೆ ಎಂದು ಅವನ ಲೆಕ್ಕ.

ಸಾಯಂಕಾಲ ಫಕ್ಕೀರಪ್ಪ ಓಣಿಯ ನಡುವೆ ನಿಂತು ಘೋಷಿಸಿದ: "ನೋಡಿದ್ರೇನು? ಕಾಲ ಇಳಸ್ಯಾನ! ಅಂದ್ರ ನಾವ್ ಅಂದಿದ್ದು ಕೇಳಸೈತಿ. ಕಿವಿ ಹೋಗಿಲ್ಲ ಮಗಂದು, ಸೊಕ್ಕು!"

ಇಷ್ಟು ದಿನ ಆತ ಕಿವುಡನೋ ಮೂಕನೋ ಎಂಬ ಅನುಮಾನವಾದರೂ ಕೆಲವರಿಗೆ ಇತ್ತು. ಈಗ ಅದೂ ಹೋಯಿತು. ಓಣಿಯ ವಾಟ್ಸಾಪ್ ಗುಂಪಿನಲ್ಲಿ ಫಕ್ಕೀರಪ್ಪ ಗ್ಯಾಲರಿಯ ಫೋಟೋ ಹಾಕಿ, ಇಂಥವರನ್ನು ಯಾವ ಕಾರ್ಯಕ್ಕೂ ಕರೆಯಬಾರದೆಂದು ಬರೆದ. ಕೆಳಗೆ ಸಾಲು ಸಾಲು ಹೆಬ್ಬೆರಳುಗಳು ಬಿದ್ದವು.

ಅಬ್ದುಲಗನಿ ಮರುದಿನ ಇನ್ನೊಂದು ಉಪಾಯ ಮಾಡಿದ. ಮುಖ ಕಂಡರೆ ತಾನೇ ನಮಸ್ಕಾರ, ನಮಸ್ಕಾರ ಇದ್ದರೆ ತಾನೇ ಸಿಟ್ಟು ಎಂದುಕೊಂಡು ಕುರ್ಚಿಯನ್ನೇ ತಿರುಗಿಸಿ ಗೊಂಬೆಯ ಬೆನ್ನು ಓಣಿಯ ಕಡೆಗೆ ಬರುವಂತೆ ಇಟ್ಟ. ಬೆನ್ನಿನ ಹೊಲಿಗೆ ಮುಂದಿನದಕ್ಕಿಂತಲೂ ಚೆಂದ ಬಂದಿತ್ತೆಂಬುದು ಬೇರೆ ಮಾತು.

ತಾರಾಬಾಯಿ ಕಸಬರಿಗೆ ಕೆಳಗೆ ಹಾಕಿದಳು. "ಬೆನ್ನು ತೋರಸ್ತಾನಲ್ಲೋ ನನಗ! ಈ ಓಣ್ಯಾಗ ನನಗ ಬೆನ್ನು ತೋರಿಸಿದಾಂವ ಇನ್ನೂ ಹುಟ್ಟಿಲ್ಲ ಅಂದ್ಕೊಂಡಿದ್ದೆ, ಹುಟ್ಟ್ಯಾನ!"

ಅದೇ ದಿನ ನೂರಜಹಾನಳ ಅಣ್ಣ ಕಮರುದ್ದೀನ ಹೊಸ ಮನೆ ನೋಡಲೆಂದು ಸ್ಕೂಟರಿನಲ್ಲಿ ಬಂದ. ಗ್ಯಾಲರಿಯಲ್ಲಿ ಭಾವನ ಬೆನ್ನು ಕಂಡು ಸಲಾಂ ಹೇಳಿದ. ಎರಡನೆಯ ಸಲಾಮಿಗೂ ಭಾವ ಹೊರಳಿ ನೋಡಲಿಲ್ಲ. ಅವನು ಅಲ್ಲಿಂದಲೇ ತಂಗಿಗೆ ಫೋನು ಮಾಡಿದ. "ನಿನ್ನ ಗಂಡಗ ಮನಿ ಆದ ಕೂಡ್ಲೇ ಬೀಗತನಾ ಮರತೈತಿ. ಸೂಟ್ ಹಾಕ್ಕೊಂಡು ಕುರ್ಚ್ಯಾಗ ಕುಂತಾನ, ಸಲಾಮ್ ತಗೊಳ್ಳಾಂಗಿಲ್ಲ. ನಾ ನಿಮ್ಮನಿ ನೀರ ಸೈತ ಕುಡ್ಯಾಂಗಿಲ್ಲ!"

"ನೀರಿದ್ರ ತಾನ ಕುಡ್ಯೂದು," ಎಂದಳು ನೂರಜಹಾನ. ಆದರೆ ರಾತ್ರಿ ಗಂಡನ ತಾಟಿಗೆ ಸಾರು ಬಡಿಸಲಿಲ್ಲ. "ತಿಂಗಳು ಮುಗಿಯಾಕ ಬಂತು. ಆ ಗೊಂಬಿ ಸುದ್ದಿ ನಾಳೆ ನೀವ್ ಹೇಳ್ತೀರೋ, ನಾ ಬಂದು ಹೇಳ್ಲ್ಯೋ?"

ಹೇಳಲೇಬೇಕೆಂದು ಅಬ್ದುಲಗನಿ ಬೆಳಿಗ್ಗೆ ಹೊರಟ. ಆದರೆ ತಾರಾಬಾಯಿ ಚಹಾ ಕೊಟ್ಟು, ಪಕ್ಕದಲ್ಲಿ ಕೂಡಿಸಿಕೊಂಡು, ತನ್ನ ಮಗ ಮನೆ ಮಾರೋಣ ಅನ್ನುತ್ತಿರುವ ಸಂಗತಿ ಹೇಳಿ ಕಣ್ಣೊರೆಸಿಕೊಂಡಳು. "ಯಾರ ಮುಂದೂ ಹೇಳಿಲ್ಲ ತಮ್ಮಾ, ನಿನ್ನ ಮುಂದ ಅಷ್ಟ." ಅಬ್ದುಲಗನಿಗೆ ಇನ್ನು ಗೊಂಬೆಯ ಸುದ್ದಿ ತೆಗೆಯುವ ಧೈರ್ಯವಾಗಲಿಲ್ಲ. ಅವನು ಎದ್ದು ಹೋಗಿ, ಏನಾದರೂ ಒಳ್ಳೆಯದು ಮಾಡಬೇಕಲ್ಲ ಎಂದು, ಸಾಹುಕಾರನನ್ನು ಮತ್ತೆ ಓಣಿಯ ಕಡೆಗೆ ತಿರುಗಿಸಿ, ಕುರ್ಚಿಯನ್ನು ಗ್ಯಾಲರಿಯ ಅಂಚಿನ ಕಂಬಿಯ ಕಟಾಂಜನಕ್ಕೆ ಒತ್ತಿ, ನಮಸ್ಕಾರಕ್ಕೆ ಬಾಗಿದ ಹಾಗೆ ಕಾಣಲೆಂದು ಸೊಂಟದ ಹತ್ತಿರ ಒಂದಿಷ್ಟು ಮುಂದಕ್ಕೆ ಬಗ್ಗಿಸಿದ.

ಇದು ಬಹಳ ಒಳ್ಳೆಯ ವಿಚಾರವಾಗಿತ್ತು. ಗಾಳಿಯ ವಿಚಾರ ಮಾತ್ರ ಅವನು ಮಾಡಿರಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮಳೆಗಿಂತ ಮುಂಚಿನ ಬಿರುಗಾಳಿ ಎದ್ದಿತು. ತಗಡು, ಕೊಡೆ, ಒಣಹಾಕಿದ ಬಟ್ಟೆ ಎಲ್ಲ ಹಾರಿದವು. ಸಂಡಿಗೆ ಎತ್ತಲು ಹೊರಬಂದ ತಾರಾಬಾಯಿ ಕತ್ತೆತ್ತಿದಾಗ ಸಾಹುಕಾರ ಅವಳ ಕಡೆಗೆ ಬಾಗುತ್ತಿದ್ದ. ಕೊನೆಗೂ ಬುದ್ಧಿ ಬಂತಲ್ಲ ಎಂದು ಆಕೆ ಅಂದುಕೊಂಡಳು. ಸಾಹುಕಾರ ಇನ್ನೂ ಬಾಗಿದ. ಮತ್ತೂ ಬಾಗಿದ. ಆಮೇಲೆ ಕಟಾಂಜನ ದಾಟಿ, ತಲೆ ಕೆಳಗಾಗಿ, ಧೊಪ್ಪೆಂದು ಮರಳಿನ ರಾಶಿಯ ಮೇಲೆ ಬಿದ್ದ.

"ಅಯ್ಯಯ್ಯೋ! ಸಾಹುಕಾರ ಬಿದ್ದ್ರಲೇ! ಓಡಿ ಬರ್ರೋ!"

ಓಣಿ ಒಂದೇ ಉಸಿರಿಗೆ ನೆರೆಯಿತು. ಯಾವ ಕಾರ್ಯಕ್ಕೂ ಕರೆಯಬಾರದೆಂದು ಬರೆದ ಫಕ್ಕೀರಪ್ಪನೇ ಎಲ್ಲರಿಗಿಂತ ಮುಂದೆ ಓಡಿಬಂದ. ಬೋರಲಾಗಿ ಬಿದ್ದವನ ಬೆನ್ನ ಮೇಲೆ ಎರಡೂ ಕೈ ಊರಿ, "ಡಿಪೋದಾಗ ನಮಗ ಕಲಿಸ್ಯಾರ, ಸರೀರಿ, ಗಾಳಿ ಬಿಡ್ರಿ!" ಎನ್ನುತ್ತ ಒತ್ತತೊಡಗಿದ. ಓಣಿಯ ನಳಗಳಿಗೆ ನೀರು ಬಂದು ವಾರದ ಮೇಲಾಗಿತ್ತು. ತಾರಾಬಾಯಿಯ ಮನೆಯಲ್ಲಿ ಉಳಿದದ್ದು ಒಂದೇ ತಾಮ್ರದ ಕೊಡ. ಆಕೆ ಅದನ್ನೇ ಎತ್ತಿಕೊಂಡು ಬಂದು ಸಾಹುಕಾರನ ತಲೆಯ ಮೇಲೆ ಸುರಿದು ಎದೆ ಬಡಿದುಕೊಂಡಳು.

"ನಿನ್ನೇನ ಬೈದ್ನೆಲ್ಲೋ, ನನ್ನ ಬಾಯಿಗೆ ಬೆಂಕಿ ಬೀಳ್ಲಿ! ಏಳ್ರಿ ಸಾಹುಕಾರ್ರ, ಕಣ್ಣ ತಗೀರಿ! ಪೈಪ ಹಾಕ್ಕೊರ್ರಿ, ಅಂಗಳಾ ಪೂರಾ ಅಗೀರಿ, ಎಷ್ಟ ಬೇಕಷ್ಟ ನೀರ್ ಒಯ್ಯಿರಿ. ಆಣಿ ಮಾಡಿ ಹೇಳ್ತೇನಿ, ಇಲ್ಲ ಅನ್ನಾಂಗಿಲ್ಲ, ಒಮ್ಮೆ ಏಳ್ರೀ!"

ಗದ್ದಲ ಕೇಳಿ ಅಬ್ದುಲಗನಿ ಒಳಗಿನಿಂದ ಓಡಿ ಬಂದ. ಮಂದಿಯನ್ನು ಸೀಳಿಕೊಂಡು ಹೋಗಿ ನೋಡಿದ. ಆಗ ಅವನು ಸುಮ್ಮನಿದ್ದಿದ್ದರೆ ಈ ಕಥೆ ಬೇರೆಯಾಗುತ್ತಿತ್ತು. ಆದರೆ ಮೂವತ್ತು ವರ್ಷ ಹೊಲಿಗೆ ಹಾಕಿದ ಟೇಲರ್ ಸುಮ್ಮನಿರುವುದು ಹೇಗೆ?

"ಅಯ್ಯೋ, ತೋಳ ಹರೀತಲ್ರೀ! ಒತ್ತಬ್ಯಾಡ್ರೋ ಕಾಕಾ, ಬೆನ್ನಿನ ಹೊಲಿಗಿ ಬಿಡ್ತೈತಿ! ನನ್ನ ಜಲ್ಮದಾಗಿನ ಹೊಲಿಗಿ ಅದು!"

ಫಕ್ಕೀರಪ್ಪ ಗಾಬರಿಯಿಂದ ಇನ್ನೂ ಜೋರಾಗಿ ಒತ್ತಿದ. ಹರಿದ ತೋಳಿನಿಂದ ಹಿಡಿ ಹುಲ್ಲು ಹೊರಬಂತು. ಮಫ್ಲರು ಜಾರಿ ಒಡೆದ ಗಡಿಗೆಯ ಚೂರು ಕಾಣಿಸಿತು. ಅದರ ಮೇಲೆ ಅರ್ಧ ಮೀಸೆ.

ಫಕ್ಕೀರಪ್ಪ ಎರಡೂ ಕೈ ಹಿಂದಕ್ಕೆಳೆದುಕೊಂಡ. ಅಷ್ಟರಲ್ಲಿ ಊಟದ ಡಬ್ಬಿ ಹಿಡಿದುಕೊಂಡು ನೂರಜಹಾನ ಬಂದಳು. "ಏನ್ರಿ ಇದು, ನಮ್ಮನಿ ಮುಂದ ಜಾತ್ರಿ? ಹೇಳಿದ್ರ್ಯಾ ಇಲ್ಲೋ ಇವ್ರಿಗೆ, ಮನಿ ಕೊಂಡಾಂವ ನಾನ ಅಂತ?"

ತಾರಾಬಾಯಿ ಹುಲ್ಲನ್ನು ನೋಡಿದಳು. ಖಾಲಿ ಕೊಡವನ್ನು ನೋಡಿದಳು. ಅಬ್ದುಲಗನಿಯನ್ನು ಬನಿಯನ್ನಿನ ತೂತಿನಿಂದ ಟವೆಲಿನವರೆಗೆ ನೋಡಿದಳು. ತಾನು ಅವನ ಮುಂದೆ ಆಡಿದ ಒಂದೊಂದು ಮಾತೂ ಅವಳ ಮುಖದ ಮೇಲೆ ಬಂದು ಹೋದದ್ದು ಅವನಿಗೆ ಕಂಡಿತು. ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

"ಅಕ್ಕಾರ, ನೀವ್ ಹೇಳಿದ್ದು ಒಂದ್ ಮಾತೂ ನನ್ನ ಹೆಂಡ್ತಿ ಮುಂದ ಸೈತ ಆಡಿಲ್ಲ. ತಪ್ಪಾತು. ನೀರ್ ಕೊಡಬ್ಯಾಡ್ರಿ, ಕೇಳಾಂಗಿಲ್ಲ."

 ತಾರಾಬಾಯಿ ಖಾಲಿ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡಳು.

"ನಿನಗ್ಯಾರ್ ಕೊಟ್ಟಾರ? ನಾ ಮಾತ ಕೊಟ್ಟಿದ್ದು ಅವಗ," ಎಂದು ಮರಳ ಮೇಲಿದ್ದವನ ಕಡೆಗೆ ಗದ್ದ ತಿರುವಿದಳು. "ಸಾಯೂ ಮನಶ್ಯಾಗ ಆಣಿ ಮಾಡಿ ಕೊಟ್ಟ ಮಾತು, ತಾರಾಬಾಯಿ ಹೊಳ್ಳಿ ತಗೊಳ್ಳಾಂಗಿಲ್ಲ."

"ಅವ ಗೊಂಬಿ ಅಲ್ರಿ?" ಎಂದ ಫಕ್ಕೀರಪ್ಪ.

"ಈಗ ಗೊಂಬಿ. ನಾ ಕೊಟ್ಟಾಗ ಮನಶ್ಯಾ ಇದ್ದ." ಮತ್ತೆ ಅಬ್ದುಲಗನಿಯ ಕಡೆ ತಿರುಗಿದಳು. "ಪೈಪ ಹಾಕ್ಕೊರ್ರಿ. ಆದ್ರ ಅವ ಮ್ಯಾಲ ಕುಂದ್ರಬೇಕು, ದಿನಾ ನನಗ ಕೈ ಮುಗೀಬೇಕು. ನಳದಾಗಿನ ಮೊದಲನೇ ಕೊಡ ನಂದು, ಇದ್ದ ಒಂದ ಕೊಡಾ ಅವನ ತಲಿಮ್ಯಾಲ ಸುರದೇನಿ. ಮತ್ತ ನೀ, ತಮ್ಮಾ, ನೀ ಕೆಲಸದಾಂವಂತ ಹೇಳಿದ್ದಿ. ಕೆಲಸದಾಂವನ ಇರು."

ಹನುಮಂತಪ್ಪ ಹೊಸ ಗಡಿಗೆ ತಂದ. ಅಬ್ದುಲಗನಿ ತೋಳಿಗೆ ಕಾಣದ ಹೊಲಿಗೆ ಹಾಕಿದ. ಎರಡೂ ಗ್ಲೌಸುಗಳನ್ನು ಎದೆಯ ಮುಂದೆ ಜೋಡಿಸಿ ತಂತಿಯಿಂದ ಬಿಗಿದು, ಈ ಸಲ ಸಾಹುಕಾರನನ್ನು ಗೋಡೆಗೇ ಕಟ್ಟಿದರು. ಪೈಪು ಬಂತು. ಗೋಡೆಗೆ ಸುಣ್ಣವಾಯಿತು, ಪಾರಿವಾಳಗಳು ಎದುರುಮನೆಗೆ ಹೋದವು.

ತಿಂಗಳ ಕೊನೆಯ ಶುಕ್ರವಾರ ಮನೆ ಹೊಕ್ಕರು. ಅಬ್ದುಲಗನಿ ಪಣದಂತೆ ಕಡುನೀಲಿ ಸೂಟು ತೊಟ್ಟು ಬಾಗಿಲಲ್ಲಿ ನಿಂತ. ಕಮರುದ್ದೀನ ಸಿಟ್ಟು ಬಿಟ್ಟು ಬಂದ, ಮೊದಲು ಗ್ಯಾಲರಿಗೆ ಸಲಾಂ ಹೇಳಿ ಒಳಗೆ ಹೋದ. ಅಷ್ಟರಲ್ಲಿ ಅಡುಗೆಮನೆಯ ನಳ ಕೆಮ್ಮಿ, ಕೆಂಪಗೆ ಉಗುಳಿ, ಆಮೇಲೆ ತಿಳಿಯಾಗಿ ಸುರಿಯತೊಡಗಿತು. ನೂರಜಹಾನ ಆ ನೀರಿಗೆ ಎರಡೂ ಕೈ ಒಡ್ಡಿ ಸುಮ್ಮನೆ ನಿಂತಳು. ತಾರಾಬಾಯಿಯ ತಾಮ್ರದ ಕೊಡ ಆಗಲೇ ಬಂದು ಕಟ್ಟೆಯ ಮೇಲೆ ಕುಳಿತಿತ್ತು.

ಅಬ್ದುಲಗನಿ ತುಂಬಿದ ಕೊಡವನ್ನು ಹೆಗಲಿಗೇರಿಸಿಕೊಂಡು ಹೊರಗೆ ಬಂದ. ನೀರು ತುಳುಕಿ ಕೋಟಿನ ಕಾಲರು ತೊಯ್ದಿತು. ಓಣಿಯಲ್ಲಿ ಫಕ್ಕೀರಪ್ಪ ಸಿಕ್ಕ. ಗ್ಯಾಲರಿಯತ್ತ ನೋಡಿ ಭಕ್ತಿಯಿಂದ ಕೈ ಮುಗಿದ, ಆಮೇಲೆ ಇವನ ಕಡೆ ನೋಡಿದ.

"ಏ ತಮ್ಮಾ, ಸಾಹುಕಾರ್ರು ಆರಾಮ ಅದಾರ?"

"ಆರಾಮ ಅದಾರ್ರಿ," ಎಂದು ಹೇಳಿ ಅಬ್ದುಲಗನಿ ಕೊಡ ಹೊತ್ತು ತಾರಾಬಾಯಿಯ ಮನೆಗೆ ನಡೆದ.